ಘಾಟಿಲ್ಲದ ಉರಿ

ಬ್ಯಾಡಗಿಯಲ್ಲಿ ಕೂತು ಕಣ್ಣು ಉರಿಯುತ್ತಿದೆ ಎಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಮೆಣಸಿನಕಾಯಿ ಮಾರ್ಕೆಟ್ ಯಾರ್ಡಿನ ಕಡೆಯಿಂದ ಗಾಳಿ ತಿರುಗಿತೆಂದರೆ ಇಡೀ ಓಣಿ ಸೀನುತ್ತದೆ. ಹಮಾಲರು ಮೂಗಿಗೆ ಟವೆಲ್ ಸುತ್ತಿಕೊಂಡು ಚೀಲ ಹೊರುತ್ತಾರೆ. ತೊಟ್ಟು ಬಿಡಿಸುವ ಹೆಂಗಸರು ಸೆರಗಿನಿಂದ ಬಾಯಿ ಕಟ್ಟಿಕೊಂಡೇ ಹರಟೆ ಹೊಡೆಯುತ್ತಾರೆ. ಊರಿಗೆ ಹೊಸಬರು ಮಾತ್ರ ಕಣ್ಣು ಉಜ್ಜಿಕೊಳ್ಳುತ್ತಾರೆ, ಅವರನ್ನು ನೋಡಿ ಉಳಿದವರು ನಗುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ನನ್ನನ್ನು ನೋಡಿಯೂ ನಕ್ಕಿದ್ದರು. ಕಣ್ಣು ಉರಿದರೆ ಘಾಟು, ಮೂಗು ಸೋರಿದರೆ ಘಾಟು, ತಲೆ ನೋವು ಬಂದರೂ ಘಾಟೇ. ಅದಕ್ಕೆಂದು ಡಾಕ್ಟರ ಹತ್ತಿರ ಹೋದವರನ್ನು ನಾನು ಈ ಊರಲ್ಲಿ ಕಂಡಿರಲಿಲ್ಲ.

ಹಾಗಾಗಿ ಈಚೆಗೆ ನನ್ನ ಕಣ್ಣು ಉರಿಯತೊಡಗಿದಾಗ ನಾನೂ ಅದನ್ನು ಘಾಟೆಂದೇ ನಂಬಿದೆ.

ನಾನು ಓದಿದ್ದು ಹುಬ್ಬಳ್ಳಿಯ ಕಡೆ, ಕಾನ್ವೆಂಟ್ ಹಾಸ್ಟೆಲಿನಲ್ಲಿದ್ದುಕೊಂಡು. ಸೇರಿದ್ದು ಮೆಣಸಿನಕಾಯಿ ದಲಾಲಿ ಅಂಗಡಿಯ ಮನೆಗೆ. ಕೆಳಗೆ ಅಂಗಡಿ, ಮೇಲೆ ಮನೆ. ನನ್ನ ಇಂಗ್ಲಿಷು ಇಲ್ಲಿ ಯಾರಿಗೂ ಬೇಕಿರಲಿಲ್ಲ. ಹಾಸ್ಟೆಲಿನಲ್ಲಿ ಹೆಣೆದ ಕ್ರೋಶಾ ಟೇಬಲ್ ಕ್ಲಾತಿನ ಜೊತೆ ಅದೂ ಟ್ರಂಕಿನಲ್ಲೇ ಉಳಿಯಿತು. ಈ ಮನೆಯಲ್ಲಿ ಆಗ ಟೇಬಲ್ಲೇ ಇರಲಿಲ್ಲ. ಔಷಧಿ ಶೀಶೆಯ ಮೇಲಿನದನ್ನು ಓದಿ ಹೇಳುವುದು, ಮಗನಿಗೆ ಸ್ಪೆಲಿಂಗ್ ಹೇಳಿಕೊಡುವುದು, ಅಷ್ಟೇ ಅದಕ್ಕಿದ್ದ ಕೆಲಸ. ವಾಟ್ ಎ ವೇಸ್ಟ್ ಎಂದು ಒಂದು ಕಾಲದಲ್ಲಿ ಅಂದುಕೊಳ್ಳುತ್ತಿದ್ದೆ. ಆಮೇಲೆ ಹಾಗೆ ಅಂದುಕೊಳ್ಳುವುದೂ ಬಿಟ್ಟುಹೋಯಿತು.

ಮಗ ಹೊರದೇಶದ ಗಿರಾಕಿಗಳಿಗೆ ನೇರವಾಗಿ ಕಾಯಿ ಕಳಿಸಲು ಶುರು ಮಾಡಿದ ಮೇಲೆ ಇ-ಮೇಲ್‌ಗಳು ಬರತೊಡಗಿದವು. ಮಗನಿಗೆ ಯಾರ್ಡಿನಲ್ಲಿ ನಿಂತು ಒಂದು ಹಿಡಿ ಕಾಯಿ ಎತ್ತಿ ಅಲುಗಿಸಿ, ಅದರ ಸಪ್ಪಳದಿಂದಲೇ ತೇವ ಹೇಳಲು ಬರುತ್ತದೆ; ಅದನ್ನು ಇಂಗ್ಲಿಷಿನಲ್ಲಿ ಬರೆಯಲು ಬರುವುದಿಲ್ಲ. ಒಂದು ಸಂಜೆ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟು, "ಅವ್ವಾ, ಇದಕ್ಕೊಂದು ಛಲೋ ಉತ್ತರಾ ಬರದ ಕೊಡು" ಎಂದ. ಬರೆದುಕೊಟ್ಟೆ. ಆ ಗಿರಾಕಿ ಮರುದಿನವೇ ಉತ್ತರಿಸಿದ. ಅಲ್ಲಿಂದ ಮೇಲಿನ ರೂಮಿನಲ್ಲಿ ಒಂದು ಟೇಬಲ್ಲು, ಒಂದು ಕುರ್ಚಿ ಬಂದವು. ದಪ್ಪನೆಯ ಡಬ್ಬಿ ಕಾಯಿಗೂ ತೆಳ್ಳನೆಯ ಕಡ್ಡಿ ಕಾಯಿಗೂ ಏನು ವ್ಯತ್ಯಾಸ, ಬಣ್ಣ ಹೇಗೆ, ತೊಟ್ಟು ತೆಗೆದದ್ದೋ ಇದ್ದದ್ದೋ, ಕೋಲ್ಡ್ ಸ್ಟೋರೇಜಿನ ಕಾಯಿಯೋ ಈ ಸಲದ ಹೊಸ ಕಾಯಿಯೋ, ಅವರು ಎಲ್ಲ ಕೇಳುತ್ತಾರೆ. ನಾನು ಎಲ್ಲಕ್ಕೂ ಬರೆಯುತ್ತೇನೆ. ಮುದುಕಿಯಾದ ಮೇಲೆ ನನಗೊಂದು ಸ್ವಂತ ಕುರ್ಚಿ ಸಿಕ್ಕಿತು. ಅಡುಗೆ ಮನೆಯ ಮಣೆ ಬಿಟ್ಟರೆ ಈ ಮನೆಯಲ್ಲಿ ಇದು ನನ್ನದು ಎಂದು ಕೂತದ್ದು ಅದೊಂದರಲ್ಲೇ. ಅದು ಕೈ ಬಿಟ್ಟು ಹೋಗುತ್ತದೇನೋ ಎಂಬುದೇ ಈ ಕಣ್ಣಿನ ಕಥೆಯಲ್ಲಿ ನನಗಿದ್ದ ಭಯ. ಕುರುಡಾಗುತ್ತೇನೆಂಬ ಭಯ ಅದರ ಹಿಂದೆ ಎಲ್ಲೋ ಇತ್ತು.

ಉರಿ ಶುರುವಾದಾಗ ಮನೆಯವರೆಲ್ಲ ತಮಗೆ ತಿಳಿದದ್ದನ್ನು ಮಾಡಿದರು. ಯಾರ್ಡಿನ ಕಡೆಗಿದ್ದ ಕಿಟಕಿಯನ್ನು ಯಜಮಾನರು ಮುಚ್ಚಿಸಿ, ಸಂದಿಗೆ ಹಳೆಯ ಬಟ್ಟೆ ತುರುಕಿಸಿದರು. ಸೊಸೆ ಟೇಬಲ್ ಫ್ಯಾನ್ ತಂದು ಸೀದಾ ನನ್ನ ಮುಖಕ್ಕೆ ತಿರುಗಿಸಿಟ್ಟಳು, ಒಳಗೆ ನುಗ್ಗಿದ ಘಾಟು ಹಾರಿಹೋಗಲಿ ಎಂದು. ಬೆಳಕು ಚುಚ್ಚುತ್ತದೆ ಎಂದೆ; ಟ್ಯೂಬ್‌ಲೈಟ್ ಆರಿಸಿದರು. ಕುತ್ತಿಗೆ ಹಿಡಿದುಕೊಳ್ಳುತ್ತದೆ ಎಂದೆ. ಮಗ ಲ್ಯಾಪ್‌ಟಾಪಿನ ಕೆಳಗೆ ಒಂದು ಕಟ್ಟಿಗೆಯ ಪೆಟ್ಟಿಗೆ ಇಟ್ಟು ಎತ್ತರ ಮಾಡಿಕೊಟ್ಟ. ಕತ್ತಲೆ ಕೋಣೆಯಲ್ಲಿ ಗಾಳಿಗೆ ಮುಖ ಕೊಟ್ಟು, ಗದ್ದ ಮೇಲೆತ್ತಿ, ಕನ್ನಡಕದ ಕೆಳಗಿನ ಅರ್ಧದಿಂದ ಬೆಳ್ಳಗೆ ಹೊಳೆಯುವ ಪರದೆಯನ್ನು ನೋಡುತ್ತ ಕೂರುತ್ತಿದ್ದೆ. ದೇವರ ಮುಂದೆ ಕೂಡ ನಾನು ಅಷ್ಟು ಹೊತ್ತು ಹಾಗೆ ಕಣ್ಣು ಬಿಟ್ಟು ಕೂತವಳಲ್ಲ.

ಉರಿ ಕಡಿಮೆಯಾಗಲಿಲ್ಲ. ಕಣ್ಣಿನೊಳಗೆ ಉಸುಕು ಹಾಕಿದಂತೆ ಇರುತ್ತಿತ್ತು. ಸಂಜೆಯಾದರೆ ಅಕ್ಷರಗಳಿಗೆ ನೆರಳು ಮೂಡುತ್ತಿತ್ತು. ಆಗ ಲ್ಯಾಪ್‌ಟಾಪ್ ಮುಚ್ಚಿ ಹಾಸಿಗೆಗೆ ಹೋಗಿ ಮೊಬೈಲ್ ಹಿಡಿಯುತ್ತಿದ್ದೆ, ರೆಸ್ಟ್ ಎಂದುಕೊಂಡು. ಹಾಸ್ಟೆಲಿನ ಗೆಳತಿಯರದೊಂದು ವಾಟ್ಸಾಪ್ ಗ್ರೂಪ್ ಇದೆ. ಮೊದಮೊದಲು ಮೊಮ್ಮಕ್ಕಳ ಫೋಟೋ ಬರುತ್ತಿದ್ದವು. ಈಗ ಹೆಚ್ಚಾಗಿ ಮಂಡಿಯ ಆಪರೇಷನ್ ಸುದ್ದಿ, ಆಗೊಮ್ಮೆ ಈಗೊಮ್ಮೆ ರೆಸ್ಟ್ ಇನ್ ಪೀಸ್. ಅದನ್ನು ಓದಲೂ ಕಣ್ಣು ಬೇಕಲ್ಲ.

ಯಜಮಾನರ ಅಕ್ಕ ಹಲಗೇರಿಯಿಂದ ಬಂದರು. ನನಗಿಂತ ಹಿರಿಯರು, ಸೂಜಿಗೆ ಈಗಲೂ ತಾವೇ ದಾರ ಪೋಣಿಸುವವರು. ಬಂದವರೇ ಹರಳೆಣ್ಣೆ ಬಿಸಿ ಮಾಡಿ ನನ್ನ ಅಂಗಾಲಿಗೆ ತಿಕ್ಕಲು ಕೂತರು.

"ಇಷ್ಟ ವರ್ಷ ಆತು ಈ ಮನಿಗೆ ಬಂದು. ಇನ್ನೂ ನಿನಗ ಘಾಟು ಒಗ್ಗವಲ್ದು ನೋಡು."

"ಒಗ್ಗಿತ್ತರಿ ಅಕ್ಕಾರ. ಈಗ ಮತ್ತ ಬಿಟ್ಟೈತಿ."

"ಬಿಡದ ಏನ ಮಾಡ್ತದ. ನಿನ್ನವು ಕಾನ್ವೆಂಟ್ ಕಣ್ಣು. ನಮ್ಮವಾದ್ರ ಖಾರಾ ತಿಂದು ಬೆಳದಾವು."

"ಕಣ್ಣು ಖಾರಾ ತಿಂತಾವೇನ್ರಿ?"

"ನಾಲಿಗಿ ತಿಂದ್ರ ಕಣ್ಣಿಗಿ ಮುಟ್ಟಂಗಿಲ್ಲೇನು? ಸುಮ್ನ ಕಾಲು ಚಾಚು."

ಚಾಚಿದೆ. ಹಿತವಾಗಿತ್ತು, ಸುಳ್ಳು ಹೇಳಬಾರದು. ಬೆಳಗ್ಗೆ ಏಳುವಾಗ ಕಣ್ಣೂ ತಂಪಾಗಿರುತ್ತಿತ್ತು. ಚಹಾ ಕುಡಿದು ಕುರ್ಚಿಯಲ್ಲಿ ಕೂತು ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಉಸುಕು.

ಒಂದು ಗುರುವಾರ, ಮಾರ್ಕೆಟ್ಟಿನ ದಿನ, ಕೆಳಗೆ ಗದ್ದಲವೋ ಗದ್ದಲ. ಪರದೆಯ ಮೇಲೆ ಇಬ್ಬರು ಗಿರಾಕಿಗಳ ಮೇಲ್‌ಗಳು ಒಂದರ ಕೆಳಗೊಂದು ಇದ್ದವು. ಸಾಲುಗಳು ಒಂದರ ಮೇಲೊಂದು ಏರಿಕೊಂಡು ಕಾಣುತ್ತಿದ್ದವು. ಕಣ್ಣು ಕಿರಿದು ಮಾಡಿ, ಕನ್ನಡಕ ತೆಗೆದು, ಮತ್ತೆ ಹಾಕಿ, ಒಬ್ಬನಿಗೆ ಬರೆದ ದರದ ಉತ್ತರವನ್ನು ಇನ್ನೊಬ್ಬನಿಗೆ ಕಳಿಸಿಬಿಟ್ಟೆ. ಆ ಇನ್ನೊಬ್ಬ ಹಳೆಯ ಗಿರಾಕಿ. ಹೊಸಬನಿಗೆ ಏನು ದರ ಹೇಳಿದ್ದೇವೆಂದು ಅವನಿಗೆ ಗೊತ್ತಾಗಬಾರದಿತ್ತು, ಗೊತ್ತಾಯಿತು. ಮಗ ಎರಡು ದಿನ ಫೋನಿನಲ್ಲಿ ಅವನನ್ನು ಸಮಾಧಾನ ಮಾಡಿದ. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಅಂದದ್ದು ಯಜಮಾನರು, ಊಟಕ್ಕೆ ಕೂತಾಗ, ರೊಟ್ಟಿ ಮುರಿಯುತ್ತ.

"ಹಾವೇರ್ಯಾಗ ಒಬ್ಬ ಏಜೆಂಟ್ ಅದಾನ. ಈ ಮೇಲು ಗೀಲು ಎಲ್ಲಾ ಅವನ ನೋಡ್ಕೋತಾನಂತ. ಮುಂದಿನ ತಿಂಗಳಿಂದ ಅವಂಗ ಕೊಟ್ಟಬಿಡೂಣು."

"ಒಂದ ತಪ್ಪಿಗೆ?"

"ತಪ್ಪಿಗಲ್ಲ. ನಿನ್ನ ಕಣ್ಣಿಗೆ. ಘಾಟು ನಿನಗ ಆಗಿಬರಂಗಿಲ್ಲಂತಂದ್ರ ಆಗಿಬರಂಗಿಲ್ಲ. ಮ್ಯಾಲ ಆ ರೂಮಿನಾಗ ಕುಂದ್ರಬ್ಯಾಡ ಇನ್ನ. ಹಿಂದಿನ ಪಡಸಾಲ್ಯಾಗ ತಂಪಗ ಕುಂದ್ರು."

"ತಂಪಗ ಕುಂತು ಏನ ಮಾಡ್ಲಿ?"

ಅವರು ರೊಟ್ಟಿಯನ್ನು ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಹಾಗಾಗಿ ಜಗಳವಾಡಲೂ ನನ್ನ ಹತ್ತಿರ ಏನೂ ಇರಲಿಲ್ಲ. ಆ ದಿನಗಳಲ್ಲಿ ನಾನು ಬಹಳ ಟಯರ್ಡ್ ಆಗಿದ್ದೆ, ಕಣ್ಣಿನಿಂದ ಶುರುವಾದ ದಣಿವು ಮೈಗೆಲ್ಲ ಇಳಿದಂತಿತ್ತು. ಆಯಿತು ಎಂದು ಬಿಡುವವಳೇ ಇದ್ದೆ. ಪಕ್ಕದಲ್ಲಿ ಸಾರು ಬಡಿಸುತ್ತಿದ್ದ ಸೊಸೆ ಅಡ್ಡ ಬಾಯಿ ಹಾಕಿದಳು.

"ಮಾವಾರ, ಕೊಡೂದಕ್ಕಿಂತ ಮದಲ ಒಮ್ಮೆ ರಾಣೇಬೆನ್ನೂರಾಗ ಕಣ್ಣಿನ ಡಾಕ್ಟರಿಗೆ ತೋರಿಸಿ ಬರ್ತೇವ್ರಿ."

"ಘಾಟಿಗೆ ಡಾಕ್ಟರ್ ಏನ ಮಾಡ್ತಾರವಾ?"

"ನಮ್ಮೂರಾಗ ಘಾಟಿಲ್ಲರಿ. ಅಲ್ಲಿ ಎಲ್ಲಾರೂ ಡಾಕ್ಟರಿಗೆ ತೋರಸ್ತಾರ."

ಅವಳ ತವರು ಕುಪ್ಪೇಲೂರು. ಅಲ್ಲಿಯ ಮಾತು ಬಂದರೆ ಯಜಮಾನರು ಎದುರಾಡುವುದಿಲ್ಲ, ಬೀಗರ ಮರ್ಯಾದೆ.

ಸೊಸೆಯೂ ನಾನೂ ರಾಣೇಬೆನ್ನೂರಿಗೆ ಬಸ್ಸಿನಲ್ಲಿ ಹೋದೆವು. ನನ್ನ ಪಕ್ಕದ ಸೀಟಿನಲ್ಲಿ ಕಾಲೇಜು ಹುಡುಗಿ, ಹಿಂದೆ ಒಬ್ಬ ವ್ಯಾಪಾರಿ, ಮುಂದೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡ ತಾಯಿ. ಎಲ್ಲರ ಕತ್ತೂ ಮೊಬೈಲಿಗೆ ಬಾಗಿತ್ತು. ಆ ಮಗು ಕೂಡ ಅದನ್ನೇ ನೋಡುತ್ತಿತ್ತು. ಹೊರಗೆ ಗೋವಿನಜೋಳದ ಹೊಲಗಳು ಯಾರೂ ನೋಡದೆ ಹಿಂದಕ್ಕೆ ಹೋಗುತ್ತಿದ್ದವು.

ಡಾಕ್ಟರ್ ನನ್ನ ಸೊಸೆಗಿಂತ ಸ್ವಲ್ಪ ದೊಡ್ಡವಳಿರಬೇಕು. ಕೂತ ಕೂಡಲೇ ನಾನು, "ನಾವು ಬ್ಯಾಡಗಿಯವರು, ಘಾಟಿಗೆ ಕಣ್ಣು ಉರೀತಾವ" ಎಂದೆ. ಆಕೆ ನಕ್ಕಳು.

"ಬ್ಯಾಡಗಿಯವ್ರು ಕಾಲು ನೋವಿಗೂ ಘಾಟು ಅಂತೀರಿ. ಇರ್ಲಿ. ದಿನಾ ಎಷ್ಟೊತ್ತು ಕಂಪ್ಯೂಟರ್ ನೋಡ್ತೀರಿ ಅಮ್ಮಾರ?"

"ಸ್ವಲ್ಪ ಹೊತ್ತು ಡಾಕ್ಟರ್."

"ಅತ್ತಿ, ಖರೇ ಹೇಳ್ರಿ," ಎಂದಳು ಸೊಸೆ. ಆಮೇಲೆ ತಾನೇ ಹೇಳಿದಳು. "ಮುಂಜಾನೆ ಚಾ ಕುಡದು ಕುಂತ್ರ ದೇವರಿಗೆ ದೀಪಾ ಹಚ್ಚೂ ಹೊತ್ತಿಗೆ ಏಳ್ತಾರ್ರಿ. ಆಮ್ಯಾಲ ಹಾಸಿಗ್ಯಾಗ ಮೊಬೈಲು. ಊಟಾನೂ ಅಲ್ಲೇ ಒಯ್ದ ಕೊಡಬೇಕು."

ಡಾಕ್ಟರ್ ದೀಪ ಹಿಡಿದು ನೋಡಿದಳು. ಪೊರೆ ಬರಲು ಶುರುವಾಗಿದೆ, ಈಗಲೇ ತೆಗೆಯುವಂಥದ್ದಲ್ಲ, ಉರಿಗೆ ಕಾರಣ ಅದೂ ಅಲ್ಲ ಎಂದಳು. ಬಳಿಕ ಸಣ್ಣ ಕಾಗದದ ಪಟ್ಟಿಯೊಂದನ್ನು ಕೆಳರೆಪ್ಪೆಯೊಳಗೆ ಸಿಕ್ಕಿಸಿ ಕಣ್ಣು ಮುಚ್ಚಿಕೊಂಡಿರಲು ಹೇಳಿದಳು. ಕೆಮಿಸ್ಟ್ರಿ ಲ್ಯಾಬಿನ ಲಿಟ್ಮಸ್ ಪೇಪರಿನಂತಿತ್ತು. ಕಾದು ತೆಗೆದು ತೋರಿಸಿದಳು. ತುದಿಯಲ್ಲಿ ಚೂರು ಒದ್ದೆ, ಉಳಿದದ್ದೆಲ್ಲ ಒಣ ಒಣ.

"ಘಾಟು ಹತ್ತಿದ್ರ ಕಣ್ಣಾಗ ನೀರು ಬರಬೇಕಲ್ರಿ, ನಿಮಗ ಗೊತ್ತಿಲ್ಲೇನು? ನಿಮ್ಮ ಕಣ್ಣಾಗ ನೀರ ಇಲ್ಲ."

ಇಷ್ಟು ಸರಳ ಮಾತು ನನಗೆ ಹೊಳೆದಿರಲಿಲ್ಲ. ಇಷ್ಟು ವರ್ಷ ಘಾಟಿಗೆ ದಳದಳ ನೀರು ಸುರಿಸಿದವಳು ನಾನು. ಈ ಉರಿಯಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಮಳೆಗಾಲದಲ್ಲಿ, ಯಾರ್ಡು ತಣ್ಣಗಿದ್ದಾಗಲೂ ಉರಿದಿತ್ತು. ನಮ್ಮ ಮನೆಯಲ್ಲಿ ಯಾರೂ ಅದನ್ನು ಯೋಚಿಸಲಿಲ್ಲ. ಉರಿ ಎಂದರೆ ನಮಗೆ ಗೊತ್ತಿದ್ದದ್ದು ಒಂದೇ.

ರೂಮು ಹೇಗಿದೆ ಎಂದು ಕೇಳಿದಾಗ ಸೊಸೆ ಉತ್ಸಾಹದಿಂದ ವಿವರಿಸಿದಳು: ಮುಚ್ಚಿದ ಕಿಟಕಿ, ಮುಖಕ್ಕೆ ಹಿಡಿದ ಫ್ಯಾನು, ಆರಿಸಿದ ದೀಪ, ಪೆಟ್ಟಿಗೆಯ ಮೇಲಿನ ಲ್ಯಾಪ್‌ಟಾಪು. ಡಾಕ್ಟರ್ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡಳು.

"ಘಾಟಿಗಾದ್ರ ಎಲ್ಲಾ ಬರೋಬರಿ ಮಾಡೀರಿ. ಪರದೆ ನೋಡಿ ದಣಿದ ಕಣ್ಣಿಗೆ ಮಾತ್ರ ಎಲ್ಲಾ ಉಲ್ಟಾ ಆಗೈತಿ. ಫ್ಯಾನಿನ ಗಾಳಿ ಕಣ್ಣಾಗಿನ ಪಸಿ ಒಣಗಸ್ತದ. ಪರದೆ ಎತ್ತರಿದ್ರ ಕಣ್ಣು ಪೂರಾ ತಕ್ಕೊಂಡ ಕುಂದ್ರಬೇಕಾಗ್ತದ, ಅದಕ್ಕೂ ಒಣಗ್ತಾವ. ಕತ್ತಲ್ಯಾಗ ಅದೊಂದ ಹೊಳದ್ರ ಮತ್ತಷ್ಟು ತ್ರಾಸು. ಅದನ್ನ ನೋಡೂವಾಗ ನಾವು ರೆಪ್ಪಿ ಬಡಿಯೋದ ಮರ್ತಬಿಡ್ತೇವಿ. ಬಡದ್ರೂ ಅರ್ಧಾ. ಪೂರಾ ಮುಚ್ಚಿ ಪೂರಾ ತಗೀಬೇಕು."

ಲ್ಯಾಪ್‌ಟಾಪನ್ನು ಕಣ್ಣಿಗಿಂತ ಕೆಳಗಿಡಬೇಕು, ಕೈ ಚಾಚಿದಷ್ಟು ದೂರ. ಆ ಅಂತರಕ್ಕೆಂದೇ ಬೇರೆ ಕನ್ನಡಕ. ಅಕ್ಷರ ದೊಡ್ಡದು ಮಾಡಿಕೊಳ್ಳುವುದು. ಹಾಕಲು ಹನಿ. ಇಪ್ಪತ್ತು ನಿಮಿಷಕ್ಕೊಮ್ಮೆ ಪರದೆ ಬಿಟ್ಟು ದೂರದ ಏನನ್ನಾದರೂ ನೋಡಬೇಕು, ಕಿಟಕಿ ತೆರೆದು.

ಕಿಟಕಿ ತೆರೆದು ದೂರ ನೋಡಿ ಎಂದಾಗ ನನಗೆ ಹಾಸ್ಟೆಲಿನ ನೀಡಲ್‌ವರ್ಕ್ ಪೀರಿಯಡ್ ನೆನಪಾಯಿತು. ಒಬ್ಬ ಸಿಸ್ಟರ್ ಇದ್ದರು. ಸಣ್ಣ ಹೊಲಿಗೆ ಹಾಕುತ್ತ ನಮ್ಮ ತಲೆಗಳು ಬಟ್ಟೆಗೆ ತಾಗುವಷ್ಟು ಬಾಗಿದಾಗ ಟೇಬಲ್ ಮೇಲೆ ಸ್ಕೇಲಿನಿಂದ ಒಮ್ಮೆ ಬಡಿದು, "ಐಸ್ ಅಪ್, ಗರ್ಲ್ಸ್" ಎನ್ನುವರು. ನಾವೆಲ್ಲ ಸೂಜಿ ಹಿಡಿದ ಕೈ ಹಾಗೇ ನಿಲ್ಲಿಸಿ ಕಂಪೌಂಡಿನ ಆಚೆಯ ನೀಲಗಿರಿ ಮರಗಳ ತುದಿ ನೋಡಬೇಕು, ಅವರು ಸಾಕು ಎನ್ನುವವರೆಗೆ. ಅದನ್ನು ಪನಿಶ್‌ಮೆಂಟ್ ಎಂದುಕೊಂಡಿದ್ದೆವು. ಆ ಮರಗಳ ತುದಿಯಲ್ಲಿ ಗಾಳಿ ಹೇಗೆ ಆಡುತ್ತಿತ್ತು ಎಂಬುದು ನನಗೆ ಇವತ್ತಿಗೂ ಕಾಣುತ್ತದೆ, ಹೊಲಿದ ಹೂವುಗಳಲ್ಲಿ ಒಂದೂ ನೆನಪಿಲ್ಲ.

"ಹಂಗಂದ್ರ ಕೆಲಸಾ ಮಾಡಬಹುದೇನ್ರಿ ಡಾಕ್ಟರ್?" ಎಂದು ಕೇಳಿದೆ. ನನ್ನ ದನಿ ನನಗೇ ಪರೀಕ್ಷೆಯ ರಿಸಲ್ಟ್ ಕೇಳುವವಳ ದನಿಯಂತೆ ಕೇಳಿಸಿತು.

"ಮಾಡ್ರಿ. ಆದ್ರ ಇಷ್ಟೊತ್ತು ಆಗಂಗಿಲ್ಲ. ಮುಂಜಾನೆ ಒಂದೆರಡು ತಾಸು, ಅದೂ ನಡನಡುವ ಬಿಟ್ಟು ಬಿಟ್ಟು. ಹಾಸಿಗ್ಯಾಗ ಮೊಬೈಲ್ ಅಂತೂ ಬ್ಯಾಡ. ಕಣ್ಣಿಗೂ ವಯಸ್ಸಾಗ್ತದಲ್ರಿ."

ಒಂದೆರಡು ತಾಸು. ಬರುವ ಮೇಲ್‌ಗಳನ್ನು ಓದಲೂ ಅಷ್ಟು ಸಾಲದು. ಪಾಸೂ ಅಲ್ಲ, ಫೇಲೂ ಅಲ್ಲ ಎಂಬ ರಿಸಲ್ಟು ಅದು. ಬಸ್ ಸ್ಟ್ಯಾಂಡಿನಲ್ಲಿ ಸೊಸೆ ಮಂಡಕ್ಕಿಯ ಗಿರಮಿಟ್ ಕೊಡಿಸಿದಳು. ತಿಂದು ಬಸ್ಸು ಹತ್ತಿದೆವು.

ಮನೆಗೆ ಬಂದು ಹನಿಯ ಬಾಟಲಿ ತೋರಿಸಿ, ಕಣ್ಣೀರಿನ ಬದಲು ಹಾಕಿಕೊಳ್ಳುವ ಔಷಧಿ ಇದು ಎಂದಾಗ ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಊರ ಮಂದಿಗೆಲ್ಲಾ ಪುಗಸಟ್ಟೆ ಕಣ್ಣೀರು ಹಾಕಿಸೂ ಮನಿತನಾ ನಮ್ಮದು. ನೀ ನೋಡಿದ್ರ ಕೊಂಡ್ಕೊಂಡ ಬಂದಿ."

ಕಿಟಕಿ ತೆರೆಯುವ ವಿಷಯಕ್ಕೆ ಮಾತ್ರ ಅವರು ಒಪ್ಪಲು ನಾಲ್ಕಾರು ದಿನ ಹಿಡಿಯಿತು. ಅಕ್ಕ ಹಲಗೇರಿಯಿಂದ ಫೋನ್ ಮಾಡಿ, ಆ ಡಾಕ್ಟರಿಗೆ ಬ್ಯಾಡಗಿಯಲ್ಲಿ ಒಂದು ಸುಗ್ಗಿ ಬಾಳ್ವೆ ಮಾಡಲು ಹೇಳು ಎಂದರು. ಕೊನೆಗೆ ಮಗ ಸಂದಿಯ ಬಟ್ಟೆ ಕಿತ್ತು, ಕಿಟಕಿ ತೆರೆದ. ಘಾಟು ಬಂತು. ಸೀನಿದೆ. ಕಣ್ಣಲ್ಲಿ ನೀರೂ ಬಂತು. ಎದುರಿಗೆ ತಗಡಿನ ಶೆಡ್ಡುಗಳು, ಅವುಗಳ ಸಂದಿಯಲ್ಲಿ ಕೆಂಪು ರಾಶಿಗಳು, ಅದರಾಚೆ ಕೋಲ್ಡ್ ಸ್ಟೋರೇಜಿನ ಬಿಳಿ ಗೋಡೆ. ಅದರಾಚೆ ಏನೂ ಇಲ್ಲ, ಬರೀ ಆಕಾಶ. ಗಾಳಿ ಯಾರ್ಡಿನ ಕಡೆಯಿಂದ ಬಂದ ದಿನ ಮುಚ್ಚುತ್ತೇವೆ, ಉಳಿದ ದಿನ ತೆರೆಯುತ್ತೇವೆ.

ಪೆಟ್ಟಿಗೆ ಕೆಳಗಿಳಿಯಿತು, ಫ್ಯಾನು ಗೋಡೆಗೆ ತಿರುಗಿತು, ಕನ್ನಡಕ ಬಂತು. ಉಸುಕು ಪೂರ್ತಿ ಹೋಗಲಿಲ್ಲ, ಅರ್ಧ ಹೋಯಿತು. ದಿನದ ಕೆಲಸದಲ್ಲೂ ಅರ್ಧ ಮುಗಿಯದೆ ಉಳಿಯಿತು. ಹಾವೇರಿಯ ಏಜೆಂಟ್ ಒಂದೆರಡು ಸಲ ಫೋನ್ ಮಾಡಿದ್ದ. ಮಧ್ಯಾಹ್ನದ ಮೇಲ್‌ಗಳನ್ನು ನಾನು ಬಾಯಲ್ಲಿ ಹೇಳುತ್ತೇನೆ, ನೀನು ಟೈಪ್ ಮಾಡು ಎಂದು ಸೊಸೆಗೆ ಹೇಳಿದ್ದು ನಾನೇ. ಅವಳು ಪಿಯುಸಿವರೆಗೆ ಕನ್ನಡ ಮೀಡಿಯಂ.

"ಅತ್ತಿ, ನನ್ನ ಇಂಗ್ಲಿಷ್ ನೋಡಿ ಆ ಗಿರಾಕಿ ಅತ್ತಗಿತ್ತಾನು."

"ಅವಂದೂ ಏನ ಭಾರಿ ಇಲ್ಲವಾ. ಗ್ರಾಮರ್ ಇಬ್ಬರಿಗೂ ಇಲ್ಲ. ಕುಂದ್ರು."

ಹೀಗೆ ಶುರುವಾಯಿತು. ನಾನು ಮಂಚದ ಮೇಲೆ ಹನಿ ಹಾಕಿಕೊಂಡು ಕಣ್ಣು ಮುಚ್ಚಿ ಮಲಗುತ್ತೇನೆ. ಅವಳು ಕುರ್ಚಿಯಲ್ಲಿ ಕೂತು, ಬಂದದ್ದನ್ನು ಕುಪ್ಪೇಲೂರಿನ ರಾಗದಲ್ಲಿ ಓದುತ್ತಾಳೆ. ನಾನು ವಾಕ್ಯ ಕಟ್ಟಿ ಹೇಳುತ್ತೇನೆ, ಕಾಮಾ ಎಲ್ಲಿ, ಫುಲ್‌ಸ್ಟಾಪ್ ಎಲ್ಲಿ ಎಂಬುದನ್ನೂ. ಕೀಲಿಗಳ ಸಪ್ಪಳ ಮೊದಲು ತಡವರಿಸುತ್ತಿತ್ತು. ಬರಬರುತ್ತ ನನ್ನ ಮಾತಿನ ಬೆನ್ನಿಗೇ ಬರತೊಡಗಿತು. ಏಜೆಂಟನಿಗೆ ಯಜಮಾನರು ಸದ್ಯಕ್ಕೆ ಬೇಡ ಎಂದು ಹೇಳಿದರಂತೆ. ನನಗೆ ಹೇಳಲಿಲ್ಲ, ಮಗನಿಂದ ತಿಳಿಯಿತು.

ಮೊನ್ನೆ ಮಧ್ಯಾಹ್ನ ಹಳೆಯ ಗಿರಾಕಿಯ ಮೇಲ್ ಬಂತು, ಅವಸರದ್ದು. ಕಾಯಿ ಒಣಗಿದೆಯೇ, ಯಾವಾಗ ಹೊರಡುತ್ತದೆ ಎಂದು. ಸೊಸೆ ಓದಿದಳು. ನಾನು ಕಣ್ಣು ಮುಚ್ಚಿಕೊಂಡೇ, ವಿ ಆರ್ ಪ್ಲೀಸ್ಡ್ ಟು ಇನ್‌ಫಾರ್ಮ್ ಯು ದಟ್ ಎಂದು ಶುರು ಮಾಡಿದೆ. ಕೀಲಿಗಳ ಸಪ್ಪಳ ಬರಲಿಲ್ಲ.

"ಯಾಕವಾ?"

"ಅತ್ತಿ, ಅಂವಗ ಅಷ್ಟುದ್ದ ಓದಾಕ ಹೊತ್ತೆಲ್ಲೈತ್ರಿ. ನೀವು ಹನಿ ಹಾಕ್ಕೊಳ್ಳೂವಾಗ ಕೆಳಗ ಇವ್ರನ್ನ ಕೇಳಿ ನಾನ ಉತ್ತರಾ ಹಾಕೇನಿ. ಗೂಡ್ಸ್ ಡ್ರೈ, ಲೋಡಿಂಗ್ ಟುಮಾರೋ, ಥ್ಯಾಂಕ್ಸ್ ಅಂತ."

"ಕಳಿಸಿದ್ಯೇನು?"

"ಹೂಂರಿ. ಅಂವಾ ಓಕೆ ಅಂತ ಹೊಳ್ಳಿ ಹಾಕ್ಯಾನ ಆಗಲೇ."

ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಡಿಯರ್ ಸರ್ ಇರಲಿಲ್ಲ, ಪ್ಲೀಸ್ಡ್ ಇರಲಿಲ್ಲ, ಬೇಕಾದದ್ದೆಲ್ಲ ಇತ್ತು. ಕೆಲಸ ಮನೆಯಲ್ಲೇ ಉಳಿದಿದೆ, ಹಾವೇರಿಗೆ ಹೋಗಲಿಲ್ಲ. ಅಷ್ಟಕ್ಕೇ ನಾನು ಬಸ್ಸು ಹತ್ತಿ ಹೋಗಿದ್ದಲ್ಲವೇ ಎಂದು ಕೇಳಿಕೊಂಡೆ. ಅಷ್ಟಕ್ಕೇ ಅಲ್ಲ, ಆ ಕುರ್ಚಿಗೂ ಎಂದು ಒಳಗೆ ಅನಿಸಿತು. ಆದರೆ ರೆಪ್ಪೆಯಡಿ ಹನಿ ಇನ್ನೂ ತಣ್ಣಗಿತ್ತು, ಎದ್ದು ಹೋಗಿ ಪರದೆ ನೋಡುವಷ್ಟು ಮನಸ್ಸಿರಲಿಲ್ಲ.

"ಇನ್ನೊಂದ ಬಂದೈತ್ರಿ, ಓದ್ಲೇನು?" ಎಂದಳು.

"ಅದನ್ನೂ ನೀನ ನೋಡು," ಎಂದು ಗೋಡೆಯ ಕಡೆ ಹೊರಳಿದೆ.